ನೀರು ಬೆರೆಸಿ ಉಂಡ ವ್ಯಾಪಾರಿ

“ಗುರುಗಳೇ, ಊಟದ ರುಚಿಯನ್ನು ಗೆಲ್ಲುವುದು ಹೇಗೆ?” ಎಂದು ಶಾಂಭವಿ ಕೇಳಿದಳು.

ಇಟಲಿಯ ಒಂದು ಬೆಟ್ಟದೂರಿನಲ್ಲಿ ಐದು ದಿನಗಳ ಸತ್ಸಂಗ ನಡೆದಿತ್ತು. ಊರಿನವರೇ ಅಡುಗೆ ಮಾಡಿ ಬಡಿಸುತ್ತಿದ್ದರು. ಜಪಕ್ಕೆ ಕುಳಿತರೆ ಮನಸ್ಸು ಅಡುಗೆಮನೆಗೆ ಓಡುತ್ತದೆ, ದೇವರಿಗಾಗಿ ಬಂದೆನೋ ಊಟಕ್ಕಾಗಿ ಬಂದೆನೋ ತನಗೇ ತಿಳಿಯುತ್ತಿಲ್ಲ ಎಂದು ಅವಳು ತೋಡಿಕೊಂಡಳು.

“ಇವತ್ತಿನ ಕಾಳು ಚೆನ್ನಾಗಿ ಬೆಂದಿತ್ತು, ಅಲ್ಲವೇ ತಾಯಿ?” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಈ ದೇಶದ ಒಂದು ಹಳ್ಳಿಯ ಇಗರ್ಜಿಯಲ್ಲಿ ವರ್ಷಕ್ಕೊಮ್ಮೆ ಕೆಲವು ದಿನ ಜನ ಪ್ರಾರ್ಥನೆಗೆ ಸೇರುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಅಲ್ಲೇ ಊಟ. ಬಿಳಿ ಕಾಳಿನ ಸಾರು, ಬ್ರೆಡ್ಡು, ಒಂದೊಂದು ದಿನ ಮುಸುಕಿನ ಜೋಳದ ಮುದ್ದೆ. ಊಟದ ಹೊತ್ತಿನಲ್ಲಿ ಯಾರೂ ಮಾತಾಡಬಾರದೆಂಬುದು ಅಲ್ಲಿನ ಕಟ್ಟಳೆ. ಅಡುಗೆ ಒಬ್ಬ ವಿಧವೆಯದು. ಹಿಂದಿನ ಚಳಿಗಾಲ ಜ್ವರ ಬಂದು ಅವಳ ನಾಲಿಗೆಯ ರುಚಿ ಹೋಗಿತ್ತು. ಅದನ್ನು ಪಾದ್ರಿಗೆ ಮಾತ್ರ ಹೇಳಿದ್ದಳು. ಉಪ್ಪು, ಹುಳಿ ಎಲ್ಲ ಕೈಯಂದಾಜು. ಉಣ್ಣುವವರ ಮುಖ ನೋಡಿ ಸರಿಯೋ ತಪ್ಪೋ ತಿಳಿದುಕೊಳ್ಳುತ್ತಿದ್ದಳು.

ಆ ವರ್ಷ ಒಬ್ಬ ವ್ಯಾಪಾರಿ ಬಂದ. ನಾಲಿಗೆಯನ್ನು ಗೆಲ್ಲುತ್ತೇನೆಂದು ವ್ರತ ಹಿಡಿದಿದ್ದ. ಬಟ್ಟಲಿಗೆ ಸಾರು ಬಿದ್ದ ಕೂಡಲೇ ರುಚಿ ಕೆಡಲೆಂದು ಅದಕ್ಕೆ ಚೊಂಬಿನಿಂದ ನೀರು ಸುರಿದು ಕುಡಿಯುತ್ತಿದ್ದ. ಪಕ್ಕದಲ್ಲಿ ಉಣ್ಣುತ್ತಿದ್ದ ರೈತನೊಬ್ಬ ಹೊರಗೆ ಬಂದ ಮೇಲೆ, “ಸಾವುಕಾರರೇ, ಬಾವಿ ಅಲ್ಲೇ ಇದೆಯಲ್ಲ, ಸಾರಿನ ನೆಪ ಯಾಕೆ?” ಎಂದು ಚುಚ್ಚಿದ. ಹಂಗಿಸುವವರಿದ್ದರೆ ವ್ರತ ಗಟ್ಟಿಯಾಗುತ್ತದೆಂದು ವ್ಯಾಪಾರಿ ಒಳಗೊಳಗೇ ಹಿಗ್ಗಿದ.

ಮೂರನೆಯ ದಿನ ಊಟವಾದ ಮೇಲೆ ಅವನು ಬಟ್ಟಲು ತೊಳೆಯಲು ಹಿತ್ತಲಿಗೆ ಹೋದ. ಅಲ್ಲಿ ಆ ಹೆಂಗಸು ಸೌಟನ್ನು ಪಾದ್ರಿಯ ಕೈಗೆ ಕೊಡುತ್ತಿದ್ದಳು. ತನ್ನ ಕೈ ಕೆಟ್ಟಿದೆ, ಹದಿನೆಂಟು ವರ್ಷ ಬಡಿಸಿದರೂ ತನ್ನ ಸಾರಿಗೆ ಯಾರೂ ನೀರು ಬೆರೆಸಿರಲಿಲ್ಲ, ಇನ್ನು ಒಲೆ ಮುಟ್ಟುವುದಿಲ್ಲ ಎಂದಳು. ಮೂರು ದಿನದಿಂದ ಅವಳು ಒಂದು ತುತ್ತೂ ಉಂಡಿಲ್ಲವೆಂದು ಪಾದ್ರಿ ವ್ಯಾಪಾರಿಗೆ ಹೇಳಿದ.

ವ್ಯಾಪಾರಿ ಗಾಬರಿಯಾಗಿ ತನ್ನ ವ್ರತದ ಸಂಗತಿಯೆಲ್ಲ ಅವಳಿಗೆ ಬಿಡಿಸಿ ಹೇಳಿದ. ಸಾರಿನಲ್ಲಿ ಏನೂ ತಪ್ಪಿಲ್ಲವೆಂದ.

“ದೊಡ್ಡವರು ನೀವು. ನನಗೆ ನೋವಾಗಬಾರದೆಂದು ಹಾಗೆ ಹೇಳುತ್ತೀರಿ” ಎಂದಳು ಅವಳು.

ನಾಳೆ ಒಂದು ದಿನ ಮಾತ್ರ ಬಡಿಸು ಎಂದು ಪಾದ್ರಿ ಬೇಡಿಕೊಂಡ. ಬೇರೆ ಅಡುಗೆಯವರಿಲ್ಲವೆಂದು ಅವಳು ಒಪ್ಪಿದಳು.

ಮರುದಿನ ಅವಳು ತಲೆ ಎತ್ತದೆ ಬಡಿಸಿದಳು. ವ್ಯಾಪಾರಿ ನೀರಿನ ಚೊಂಬನ್ನು ಮುಟ್ಟಲಿಲ್ಲ. ಮೊದಲ ಚಮಚವನ್ನು ಅವಳಿಗಾಗಿ ಉಂಡ. ಮೂರನೆಯ ಚಮಚದ ಹೊತ್ತಿಗೆ ಅವಳನ್ನೂ ಮರೆತಿದ್ದ. ಕಾಳು ಬೆಣ್ಣೆಯ ಹಾಗೆ ಬೆಂದಿತ್ತು, ಬೆಳ್ಳುಳ್ಳಿ ಹದವಾಗಿ ಹತ್ತಿತ್ತು. ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದ. ಕಟ್ಟಳೆಯ ನೆನಪು ಬರುವ ಮೊದಲೇ ಅವನ ಬಾಯಿಂದ ಮಾತು ಹೊರಬಿತ್ತು.

“ಅಮ್ಮಾ, ಇನ್ನೊಂದು ಸೌಟು ಹಾಕು.”

ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಪಾದ್ರಿ ಗದರಿಸಲಿಲ್ಲ. ರೈತ ತನ್ನ ಬಟ್ಟಲನ್ನೂ ಮುಂದೆ ನೂಕಿದ.

ಗುರುಗಳು ಕತೆ ನಿಲ್ಲಿಸಿದರು. ಶಾಂಭವಿ, “ಹಾಗಾದರೆ ಅವನು ಗೆಲ್ಲಲಿಲ್ಲ. ಅಷ್ಟು ದಿನದ ವ್ರತ ಹಾಳಾಯಿತಲ್ಲ ಗುರುಗಳೇ?” ಎಂದಳು.

“ಅವತ್ತು ಆ ಹೆಂಗಸು ಉಂಡಳು” ಎಂದರು ಗುರುಗಳು.