ಮೂರನೆಯ ಕೂಗು

ಇದನ್ನು ನನಗೆ ಮೊದಲು ಹೇಳಿದವರು ಕೋರ್ಟಿನಲ್ಲಿ ಬೆರಳಚ್ಚು ಮಾಡುತ್ತಿದ್ದ ಗಿರಿಜತ್ತೆ.

ಕಾಳವ್ವನ ಮನೆಯ ದಾರಿಗೆ ಪಕ್ಕದವನು ಗೋಡೆ ಎಬ್ಬಿಸಿದ್ದ. ದಾರಿ ಬಿಡಿಸಿಕೊಡಿ ಎಂದು ಅವಳು ಹದಿನಾರು ವರ್ಷ ಕೋರ್ಟಿಗೆ ಅಲೆದಳು. ಕಡೆಗೊಂದು ದಿನ ಜವಾನ ಬಾಗಿಲಲ್ಲಿ ನಿಂತು ಅವಳ ಹೆಸರನ್ನು ಎರಡು ಸಲ ಕೂಗಿದ. ಯಾರೂ ಬರಲಿಲ್ಲ. ಮೂರನೆಯ ಕೂಗಿಗೂ ಬಾರದಿದ್ದರೆ ದಾವೆ ವಜಾ.

"ಗಂಟಲಲ್ಲಿ ಮುದ್ದೆ ಸಿಕ್ಕಿಕೊಂಡಿದೆಯೇನಯ್ಯಾ? ಅವಳಿಗೆ ಕೇಳೋ ಹಾಗೆ ಕೂಗು!" ಜಡ್ಜ್ ಸಾಹೇಬರು ಗದರಿದರು.

"ಅಪ್ಪಣೆ ಸ್ವಾಮಿ" ಎಂದವನೇ ಜವಾನ ಹೊರಟೇಹೋದ. ಸಾಹೇಬರು ಹಲ್ಲು ಕಡಿಯುತ್ತ ಕೂತರು. ಒಂದು ಗಂಟೆಯ ಮೇಲೆ ಅವನು ಬೆವರು ಒರೆಸಿಕೊಂಡು ಬಂದ.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಸ್ಮಶಾನಕ್ಕೆ ಸ್ವಾಮಿ. ಆಯಮ್ಮ ತೀರಿಕೊಂಡು ಮೂರು ದಿನ. ಹೆಣಾನೂ ಆ ಗೋಡೆ ಮೇಲಿಂದಲೇ ದಾಟಿಸಿದ್ರು. ಇವತ್ತು ಹಾಲುತುಪ್ಪ, ಮನೆಯೋರೆಲ್ಲ ಅಲ್ಲೇ ಕೂತಿದ್ರು. ಮಣ್ಣು ಮಾಡಿದ ಜಾಗದಲ್ಲೇ ನಿಂತು ಕೂಗ್ದೆ. ಅವಳು ಏಳಲಿಲ್ಲ, ಮಗಳು ಎದ್ದು ಬಂದವ್ಳೆ."

ಒಂದು ಗಂಟೆ ಕಾದದ್ದಕ್ಕೇ ಹಲ್ಲು ಕಡಿದ ಸಾಹೇಬರು ಕಡತ ತೆರೆದರು. ಪುಟಪುಟಕ್ಕೂ ವಾಯಿದೆ. ಕಡೆಯ ಒಂಬತ್ತು ಅವರದೇ ಕೈಬರಹ. ನಾಚಿಕೆಯಿಂದ ತಲೆ ಮೇಲೇಳಲಿಲ್ಲ.

"ಇವತ್ತೇ ಮುಗಿಸೋಣ. ಮಗಳನ್ನು ಕೂಗು."

"ಮೆಲ್ಲಗೇ ಕೂಗ್ತೀನಿ ಸ್ವಾಮಿ. ಇವಳಿನ್ನೂ ಬದುಕವ್ಳೆ."

ಕೇಳಿದಿರಲ್ಲ, ನೀವೂ ನಾಲ್ಕು ಜನಕ್ಕೆ ಹೇಳಿ. ವಾಯಿದೆ ಮಾತ್ರ ಹಾಕಬೇಡಿ.