ಕತ್ತು ತಿರುಗಿಸಿದ ಹಂಸ

“ಅಮ್ಮಾ, ಕೊಳ್ಳುವವರು ನನ್ನಿಂದ ಕೆಂಪು ಕುದುರೆಯನ್ನೇ ಕೇಳುತ್ತಾರೆ. ಬೇರೆ ಏನಾದರೂ ಬರೆದರೆ, ಇದು ನಿಮ್ಮ ಕೈಯದಲ್ಲ ಅನ್ನುತ್ತಾರೆ. ಅದನ್ನೇ ಬರೆಯುತ್ತ ಹೋದರೆ, ನನ್ನದಲ್ಲ ಅಂತ ನನಗೇ ಅನ್ನಿಸುತ್ತದೆ. ಯಾವುದನ್ನು ಬಿಡಲಿ?”

ಕೇಳಿದವಳು ಸುಗುಣೆ, ಚಿತ್ರ ಬರೆಯುವವಳು. ಇನ್ನೂ ನಲವತ್ತು ಕುದುರೆ ಬೇಕೆಂದು ಬಂದವರಿಗೆ ಅವಳು ಮರುದಿನ ಉತ್ತರ ಹೇಳಬೇಕಿತ್ತು. ಅವಳ ಗುರು ಹತ್ತಾರು ಸೀಮೆ ತಿರುಗಿ ಬಂದ ಮುದುಕಿ. ಅವರು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಗಾರನಿದ್ದ. ಒಂದು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಕೂತು, ಕತ್ತು ತಿರುಗಿಸಿ ಹಿಂದೆ ನೋಡುವ ಹಂಸವೊಂದನ್ನು ಬರೆದ. ಒಬ್ಬ ವರ್ತಕ ಅದನ್ನು ಕೊಂಡ. ವರ್ತಕನ ಮನೆಯಲ್ಲಿ ಕಂಡವರೆಲ್ಲ ತಮಗೂ ಬೇಕೆಂದರು. ವರ್ಷ ತುಂಬುವುದರೊಳಗೆ, ಗೋಡೆಯ ಮೇಲೆ ಹಂಸವಿಲ್ಲದ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುವಷ್ಟಾಯಿತು.

ಕೊಳ್ಳುವವರದು ಒಂದೇ ಷರತ್ತು. ಹಂಸ ಅದೇ ಇರಬೇಕು, ಕತ್ತಿನ ಬಾಗು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಚಿತ್ರಗಾರ ಜಾಣ. ಹಂಸದ ಗೆರೆಯುದ್ದಕ್ಕೂ ಹಾಳೆಯಲ್ಲಿ ಸೂಜಿಯಿಂದ ತೂತು ಚುಚ್ಚಿಕೊಂಡ. ಹಾಳೆಯನ್ನು ಹಲಗೆಯ ಮೇಲಿಟ್ಟು ಇದ್ದಿಲಪುಡಿ ಕಟ್ಟಿದ ಬಟ್ಟೆಗಂಟಿನಿಂದ ತಟ್ಟಿದರೆ ಚುಕ್ಕೆಗಳಲ್ಲಿ ಹಂಸ ಮೂಡುತ್ತಿತ್ತು. ಚುಕ್ಕೆ ಕೂಡಿಸಿ ಬಣ್ಣ ತುಂಬಿದರೆ ಮುಗಿಯಿತು. ಒಂಬತ್ತು ವರ್ಷ ಹೀಗೇ ನಡೆಯಿತು. ನಡುನಡುವೆ ನವಿಲನ್ನೋ ನೀರನ್ನೋ ಬರೆಯಬೇಕೆಂದು ಕೈ ತುಡಿಯುತ್ತಿತ್ತು. ಅವನು ಅದನ್ನು ಗದರಿಸಿ ಕೂರಿಸುತ್ತಿದ್ದ.

ಆಗ ಪಕ್ಕದ ಊರಿನಲ್ಲಿ ಅದೇ ಹಂಸ ಬರೆಯುವವನೊಬ್ಬ ಹುಟ್ಟಿಕೊಂಡ. ಚಿತ್ರಗಾರ ಅವನನ್ನು ಕರೆಸಿ ವರ್ತಕನ ಪಡಸಾಲೆಯಲ್ಲಿ ನಿಲ್ಲಿಸಿದ. ಇವನು ನನ್ನ ಹಾಳೆ ಕದ್ದಿದ್ದಾನೆ ಎಂದ. ಯಾವ ಹಾಳೆಯೋ ತನಗೆ ಗೊತ್ತೇ ಇಲ್ಲ ಎಂದ ಆ ಮನುಷ್ಯ. ಊರವರು ಸೇರಿದರು. ಇಬ್ಬರೂ ಇಲ್ಲೇ, ಎಲ್ಲರೆದುರು, ಹಾಳೆಯ ನೆರವಿಲ್ಲದೆ ಹಂಸ ಬರೆಯಲಿ ಎಂದು ವರ್ತಕ ಹೇಳಿದ. ಸೋತವನು ಇನ್ನು ಮೇಲೆ ಹಂಸದ ತಂಟೆಗೆ ಬರಕೂಡದು.

ಚಿತ್ರಗಾರ ನಗುತ್ತಲೇ ಕುಂಚ ಹಿಡಿದ. ಕೊಕ್ಕು ಬಂತು. ತಲೆ ಬಂತು. ಕತ್ತಿಗೆ ಬಂದಾಗ ಕೈ ನಿಂತಿತು. ಕಣ್ಣು ಹಲಗೆಯ ಮೇಲೆ ಚುಕ್ಕೆ ಹುಡುಕುತ್ತಿತ್ತು, ಹಲಗೆ ಬೆಳ್ಳಗಿತ್ತು. ಕತ್ತು ಬಾಗುವುದು ಎಲ್ಲಿ, ಎಷ್ಟು, ಮೊದಲು ಸಪೂರವೋ ದಪ್ಪವೋ, ನೂರಾರು ಸಲ ಎಳೆದ ಗೆರೆ ನೆನಪಿಗೇ ಬರಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಕುಂಚದ ತುದಿಯ ಬಣ್ಣ ಒಣಗತೊಡಗಿತು. ಮತ್ತೆ ಅದ್ದಿದ, ಮತ್ತೆ ನಿಂತ. ಅವನ ಗೆಳೆಯನೊಬ್ಬ, “ಏನಯ್ಯಾ, ಹಂಸಕ್ಕೆ ಗಂಟಲು ಕಟ್ಟಿತೇ?” ಎಂದ. ಯಾರೂ ನಗಲಿಲ್ಲ. ಕೊನೆಗೆ ಒಂದು ಗೆರೆ ಎಳೆದ. ಅದು ಬಾತುಕೋಳಿಯ ಕತ್ತಾಯಿತು.

ಇನ್ನೊಬ್ಬ ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಮುಗಿಸಿದ. ಹಂಸ ಹಿಂತಿರುಗಿ ನೋಡಿತು.

ಚಿತ್ರಗಾರ ಮೆಲ್ಲಗೆ ಕೇಳಿದ: “ಯಾರು ಕಲಿಸಿದರು?”

“ನೀವೇ ಸ್ವಾಮಿ. ನಿಮ್ಮ ಹಂಸವನ್ನು ಯಾರದೋ ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದ್ದೆ. ಬಂದು ಬರೆದೆ, ಸರಿ ಬರಲಿಲ್ಲ. ಕೆರೆಗೆ ಹೋಗಿ ಹಕ್ಕಿಯನ್ನೇ ನೋಡಿದೆ, ಮತ್ತೆ ಬರೆದೆ. ಇವತ್ತಿಗೂ ದಿನಾ ಹೋಗುತ್ತೇನೆ, ಇನ್ನೂ ಪೂರ್ತಿ ಸಿಕ್ಕಿಲ್ಲ. ನೀವು ಯಾವ ಕೆರೆಗೆ ಹೋಗುತ್ತೀರಿ ಅಂತ ಕೇಳಬೇಕೆಂದಿದ್ದೆ.”

ವರ್ತಕ ತೀರ್ಪು ಹೇಳುವ ಮೊದಲೇ ಚಿತ್ರಗಾರ ಕುಂಚ ತೊಳೆದಿಟ್ಟು ಮೆಟ್ಟಿಲಿಳಿದ. ಆ ಪಟ್ಟಣದಲ್ಲಿ ಅವನು ಮತ್ತೆ ಹಂಸ ಬರೆಯಲಿಲ್ಲ.

ಸುಗುಣೆಗೆ ಸಿಟ್ಟು ಬಂತು. “ಇದು ಅನ್ಯಾಯ ಅಮ್ಮಾ. ಹಂಸ ಅವನದು. ಇನ್ನೊಬ್ಬ ಬರೆದದ್ದು ನಕಲು.”

ಗುರು ಹೇಳಿದರು:

“ಮೊದಲನೆಯ ಹಂಸ ಅವನದೇ, ತಾಯೀ. ಹಾಳೆಯಿಟ್ಟು ತಟ್ಟಿದ ಉಳಿದವು ಯಾರವು, ನೀನು ಹೇಳು.”