ಕಸಿಗಾರನ ಎರಡು ಚಾಕುಗಳು

“ಅಮ್ಮಾ, ಮಾತುಮಾತಿಗೂ ನೊಂದುಕೊಳ್ಳುವವರೊಡನೆ ಒಂದು ವರ್ಷ ನಡೆಯುವುದು ಹೇಗೆ?” ಎಂದು ಸುಭದ್ರೆ ಗುರುಮಾತೆಯನ್ನು ಕೇಳಿದಳು.

ಅವರ ಆಶ್ರಮದ ಪ್ರತಿ ಶಿಷ್ಯೆಯೂ ಒಂದು ವರ್ಷ ಕಾಲ್ನಡಿಗೆಯಲ್ಲಿ ಊರೂರು ತಿರುಗಬೇಕು. ಜೊತೆಗೆ ಒಬ್ಬಳೇ ಸಂಗಾತಿ. ಸುಭದ್ರೆಯ ಸರದಿ ಬಂದಿತ್ತು. ಗುರುಮಾತೆ ಕಮಲಾಕ್ಷಿಯನ್ನು ಕರೆದುಕೊಂಡು ಹೋಗು ಎಂದಿದ್ದರು. ಕಮಲಾಕ್ಷಿಯಾದರೋ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರೂ ಕಣ್ಣು ತುಂಬಿಕೊಳ್ಳುವಳು. ಮಲಗುವ ಮೊದಲು ಸಮಾಧಾನ ಮಾಡದಿದ್ದರೆ ಮರುದಿನ ಮಾತೇ ಇಲ್ಲ. ಇನ್ನೊಬ್ಬ ಶಿಷ್ಯೆ ಇಂದುಮತಿ ಹಾಗಲ್ಲ. ಏನೆಂದರೂ ನಗುತ್ತಾಳೆ, ನಾಲ್ಕು ವರ್ಷಗಳಲ್ಲಿ ಅವಳ ಮುಖ ಬಾಡಿದ್ದನ್ನು ತಾನು ಕಂಡಿಲ್ಲ. ತನ್ನ ನಾಲಿಗೆ ಹರಿತವೆಂದು ತನಗೇ ಗೊತ್ತು. ಆದ್ದರಿಂದ ಇಂದುಮತಿಯನ್ನೇ ಕಳುಹಿಸಿಕೊಡಬೇಕು. ಅವಳಿಗೆ ನಿನ್ನೆಯೇ ಹೇಳಿಯೂ ಆಗಿದೆ, ಅವಳು ಜೋಳಿಗೆ ಹೊಲಿಯುತ್ತ ಕೂತಿದ್ದಾಳೆ ಎಂದು ಸುಭದ್ರೆ ಬಿನ್ನವಿಸಿದಳು.

ಗುರುಮಾತೆ ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ಕಸಿಗಾರನಿದ್ದ. ಮಾವಿನ ಗಿಡಗಳಿಗೆ ಕಸಿ ಕಟ್ಟುವುದು ಅವನ ಕಸುಬು. ಅವನ ಬಳಿ ಒಂದು ಮಡಚುವ ಚಾಕು ಇತ್ತು. ಅದರ ಅಲಗು ಕರಿ ಉಕ್ಕಿನದು. ಸೊನೆ ತಾಗಿದರೆ ಕಪ್ಪಾಗುವುದು, ನೀರು ತಾಗಿದರೆ ತುಕ್ಕು ಹಿಡಿಯುವುದು. ಅವನು ದಿನವೂ ಸಂಜೆ ಜಗುಲಿಯ ಮೇಲೆ ಕೂತು ಅಲಗನ್ನು ಒರೆಸುವನು. ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದು, ಹೆಬ್ಬೆರಳಿನ ಉಗುರಿಗೆ ತಾಗಿಸಿ ಹರಿತ ನೋಡಿ, ಹರಳೆಣ್ಣೆ ಸವರಿ ಮಡಚುವನು. ಹೆಂಡತಿ ಪಕ್ಕದಲ್ಲಿ ಹೂ ಕಟ್ಟುತ್ತ ಕೂರುವಳು. ಮಕ್ಕಳ ಮೂಗನ್ನು ಇಷ್ಟು ಶ್ರದ್ಧೆಯಿಂದ ಒರೆಸಿದ್ದರೆ ತನಗೆ ಅರ್ಧ ಕೆಲಸ ಉಳಿಯುತ್ತಿತ್ತು ಎಂದು ಹಂಗಿಸುವಳು. ಅವನು ನಗುವನು, ಆ ದಿನ ಯಾರ ತೋಟದಲ್ಲಿ ಏನಾಯಿತೆಂದು ಹೇಳುವನು.

ಒಂದು ಮಳೆಗಾಲದ ದಿನ ಅವನು ದಣಿದು ಬಂದು, ಚಾಕುವನ್ನು ಒರೆಸದೆ ಮಲಗಿದ. ಬೆಳಿಗ್ಗೆ ಅಲಗಿನ ತುಂಬ ಕೆಂಪು ಚುಕ್ಕೆಗಳಿದ್ದವು. ಅವನಿಗೆ ಬೇಸರ ಬಂತು. ಇಪ್ಪತ್ತು ವರ್ಷದ ಸೇವೆಯಲ್ಲಿ ಒಂದು ದಿನ ತಪ್ಪಿದ್ದಕ್ಕೆ ಇಷ್ಟು ಮುನಿಸೇ ಎಂದುಕೊಂಡು ಸಂತೆಗೆ ಹೋದ.

ವ್ಯಾಪಾರಿ ಅವನ ಕೈಗೆಟುಕುವ ಬೆಲೆಯ ಮೂರು ಚಾಕುಗಳನ್ನು ಬಟ್ಟೆಯ ಮೇಲೆ ಇಟ್ಟ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಆ ಸೀಮೆಯ ನಂಬಿಕೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಕಸಿಗಾರ ಒಂದೊಂದನ್ನೇ ಎತ್ತಿ ನೋಡಿದ. ಮೊದಲನೆಯದಕ್ಕೆ ಚಿತ್ತಾರದ ಹಿಡಿ. ಅಲಗು ಮಾತ್ರ ಮೆದು ಕಬ್ಬಿಣದ್ದು. ಹಸಿ ಕಡ್ಡಿಗೆ ಒತ್ತಿದಾಗ ಅಂಚು ಮಡಚಿಕೊಂಡಿತು. ಎರಡನೆಯದು ಅವನ ಹಳೆಯದರಂತೆಯೇ ಕರಿ ಉಕ್ಕು. ಮೂರನೆಯದು ಬಿಳಿ ಉಕ್ಕು, ಕನ್ನಡಿಯಂತೆ ಹೊಳೆಯುತ್ತಿತ್ತು.

“ಬಿಳಿಯದಕ್ಕೆ ತುಕ್ಕಿಲ್ಲ. ಆದರೆ ನಿಮ್ಮ ಮನೆಯ ಮಸೆಗಲ್ಲಿಗೆ ಅದು ಸುಲಭವಾಗಿ ಬಗ್ಗುವುದೂ ಇಲ್ಲ. ಕರಿಯದು ಬೇಗ ಮುನಿಯುತ್ತದೆ, ಬೇಗ ಒಲಿಯುತ್ತದೆ” ಎಂದ ವ್ಯಾಪಾರಿ.

“ಮುನಿಯುವುದರ ಜೊತೆ ಇಪ್ಪತ್ತು ವರ್ಷ ಬಾಳಿದ್ದೇನಪ್ಪ, ಇನ್ನು ಸಾಕು” ಎಂದು ಕಸಿಗಾರ ಬಿಳಿಯದನ್ನು ಎತ್ತಿಕೊಂಡ.

ಅವನ ಸಂಜೆಗಳು ಹಗುರವಾದವು. ಒರೆಸುವುದಿಲ್ಲ, ಮಸೆಯುವುದಿಲ್ಲ, ಎಣ್ಣೆಯಿಲ್ಲ. ಮನೆಗೆ ಬಂದವನು ಉಂಡು ಮಲಗುವನು. ಬೆಳಿಗ್ಗೆ ಚಾಕು ಬಿಡಿಸಿದರೆ ಅಲಗು ಸಂತೆಯಲ್ಲಿ ಕಂಡಂತೆಯೇ ಹೊಳೆಯುವುದು. ಅವನು ಹೊಳಪನ್ನೇ ಹರಿತವೆಂದು ತಿಳಿದ. ಉಗುರಿಗೆ ತಾಗಿಸಿ ನೋಡುವುದನ್ನೂ ಬಿಟ್ಟ.

ಮುಂದಿನ ಮಳೆಗಾಲದ ಮೊದಲ ಗಾಳಿಗೆ ಒಬ್ಬ ಮುದುಕಿಯ ಹಿತ್ತಿಲಿನ ಮಾವಿನ ಮರ ಉರುಳಿತು. ಬಹಳ ಹಿಂದೆ ಅವಳ ಏಳು ವರ್ಷದ ಮಗಳು ಹಣ್ಣು ತಿಂದು, ವಾಟೆಯನ್ನು ಅಲ್ಲಿ ಹೂತಿದ್ದಳು. ಮಗಳು ಉಳಿಯಲಿಲ್ಲ, ಗಿಡ ಉಳಿದಿತ್ತು. ಈಗ ಒಂದೆರಡು ಬೇರು ಮಾತ್ರ ಮಣ್ಣಿನಲ್ಲಿದ್ದವು. ಮುದುಕಿ ಕಸಿಗಾರನನ್ನು ಕರೆಸಿ, ಈ ಮರದ್ದೇ ಒಂದು ಗಿಡ ಮಾಡಿಕೊಡಬೇಕೆಂದು ಕೇಳಿದಳು. ಒಂದೇನು, ಹತ್ತು ಮಾಡಿಕೊಡುತ್ತೇನೆ ಎಂದು ಅವನು ಮಾತು ಕೊಟ್ಟ. ಹತ್ತು ಕಡ್ಡಿ ಕೊಯ್ದು ಹತ್ತು ಸಸಿಗಳಿಗೆ ಕಟ್ಟಿದ.

ಇಪ್ಪತ್ತು ದಿನಗಳಲ್ಲಿ ಹತ್ತೂ ಕಪ್ಪಾದವು.

ಮುದುಕಿ ಬೈಯಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಒಂದು ಕಟ್ಟನ್ನು ಬಿಚ್ಚಿ ನೋಡಿದ. ಕಡ್ಡಿ ಕೊಯ್ದಂತಿರಲಿಲ್ಲ, ಜಜ್ಜಿದಂತಿತ್ತು. ಅಂಥ ಗಾಯಕ್ಕೆ ಯಾವ ಸಸಿಯೂ ಬೆಸೆದುಕೊಳ್ಳುವುದಿಲ್ಲ. ಚಾಕುವನ್ನು ಉಗುರಿಗೆ ತಾಗಿಸಿದ; ಅಲಗು ಕಚ್ಚದೆ ಜಾರಿತು. ಕಲ್ಲಿನ ಮೇಲೆ ಬಹಳ ಹೊತ್ತು ಎಳೆದ. ಕಲ್ಲು ಸವೆಯಿತೇ ಹೊರತು ಅಂಚು ಬರಲಿಲ್ಲ. ಉರುಳಿದ ಮರದಲ್ಲಿ ಒಂದೇ ಕೊಂಬೆ ಹಸಿಯಾಗಿತ್ತು. ಅದರಲ್ಲಿ ಕಸಿಗೆ ಒದಗುವ ಕಡ್ಡಿ ಒಂದೇ.

ಅವನು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಒಳಗೆ ಹೋಗಿ ಗೋಡೆಯ ಗೂಡಿನಿಂದ ಹಳೆಯ ಚಾಕುವನ್ನು ತಂದು ಜಗುಲಿಯ ಮೇಲೆ ಇಟ್ಟಳು. ಅವನು ಎತ್ತಿಕೊಂಡು ಬಿಡಿಸಿದ. ಒಂದು ಚುಕ್ಕೆ ತುಕ್ಕೂ ಇರಲಿಲ್ಲ. ಕೈಗೆ ಎಣ್ಣೆ ಹತ್ತಿತು.

“ಇದನ್ನು ಯಾರು ಒರೆಸಿದರು?” ಎಂದ.

“ಇನ್ಯಾರು? ನೀವು ಬಂದವರೇ ಒಳಗೆ ಮಲಗಿಬಿಡುತ್ತೀರಿ. ಜಗುಲಿಯ ಮೇಲೆ ನನ್ನ ಜೊತೆಗೆ ಇದಾದರೂ ಇರಲಿ ಎಂದು ದಿನವೂ ಸಂಜೆ ನಾನೇ ಒರೆಸಿದೆ” ಎಂದಳು ಅವಳು.

ಅವನು ಅವಳ ಮುಖ ನೋಡಿದ. ಆ ಒಂದು ವರ್ಷವೂ ಅವಳು ನಗುತ್ತಲೇ ಊಟ ಬಡಿಸಿದ್ದಳು. ಅವನಿಗೆ ಏನೂ ಕಂಡಿರಲಿಲ್ಲ.

ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದ. ಅಲಗು ಉಗುರನ್ನು ಹಿಡಿಯಿತು. ಮರುದಿನ ಒಂದೇ ಏಟಿಗೆ ಕಡ್ಡಿ ಕೊಯ್ದು, ಸಸಿಗೆ ಕೂರಿಸಿ, ಬಾಳೆಯ ನಾರಿನಿಂದ ಬಿಗಿದ. ಇಪ್ಪತ್ತು ದಿನಗಳ ಮೇಲೆ ಅದರ ತುದಿಯಲ್ಲಿ ಎರಡು ತಾಮ್ರವರ್ಣದ ಎಲೆಗಳು ಬಿಚ್ಚಿಕೊಂಡವು. ಮುದುಕಿ ಅವುಗಳನ್ನು ಮುಟ್ಟಲಿಲ್ಲ. ಸಸಿಯ ಪಕ್ಕದಲ್ಲಿ ಕೂತಳು, ಬಿಸಿಲು ಏರುವವರೆಗೂ ಏಳಲಿಲ್ಲ.

ಕಸಿಗಾರ ಬಿಳಿ ಚಾಕುವನ್ನು ಎಸೆಯಲಿಲ್ಲ. ಸಂತೆಯ ಸಾಣೆಯವನಿಂದ ಅದಕ್ಕೂ ಹರಿತ ಹಿಡಿಸಿದ. ಅಂದಿನಿಂದ ಪ್ರತಿ ಸಂಜೆ ಜಗುಲಿಯ ಮೇಲೆ, ಹೆಂಡತಿಯ ಪಕ್ಕದಲ್ಲಿ ಕೂತು, ಎರಡನ್ನೂ ಉಗುರಿಗೆ ತಾಗಿಸಿ ನೋಡುವನು.

ಕತೆ ಮುಗಿಯಿತು. ಗುರುಮಾತೆ ಮೊರವನ್ನು ಮತ್ತೆ ಎಳೆದುಕೊಂಡರು. ಸುಭದ್ರೆ ತಲೆಬಾಗಿದಳು. ತನಗೆ ಅರ್ಥವಾಯಿತು, ಕಮಲಾಕ್ಷಿಯನ್ನೇ ಕರೆದುಕೊಂಡು ಹೋಗುತ್ತೇನೆ, ದಿನವೂ ಮಲಗುವ ಮೊದಲು ಅವಳನ್ನು ಮಾತಾಡಿಸುತ್ತೇನೆ ಎಂದಳು.

“ಇಂದುಮತಿಗೆ ಜೋಳಿಗೆ ತೆಗೆದಿಡು ಎಂದರಾಯಿತು, ಅಮ್ಮಾ. ಅವಳಿಗೇನೂ ಅನ್ನಿಸುವುದಿಲ್ಲ.”

ಗುರುಮಾತೆ ಒಂದು ಅವರೆಕಾಯಿಯನ್ನು ಸುಲಿದು ಕಾಳು ನೋಡಿದರು.

“ಅವಳನ್ನು ಎಂದಾದರೂ ಕೇಳಿದ್ದೀಯಾ, ಮಗಳೇ?”